ಯಾರೂ ಏನೂ ಕೇಳದ ಊರು

ಗುರುವಾರ, ಮಧ್ಯಾಹ್ನ

ನನ್ನ ಅಕ್ಕನಿಗೆ ತಮ್ಮನ ನಮಸ್ಕಾರ. ಗುಬ್ಬಿಯ ತಲೆಗೆ ಒಂದು ಮೊಟಕು.

ಗಾಳಿ ಕೂತು ಕಾಗದ ಬರೆದಿದ್ದಾನೆ ಅಂತ ನಗಬೇಡ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಅಂತ ನನಗೆ ಗಾಳಿ ಅಂತ ಹೆಸರಿಟ್ಟವಳೇ ನೀನು. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲೂ ನಾನು ಇಷ್ಟು ಬರೆದಿರಲಿಲ್ಲ. ಬರೆದಿದ್ದರೆ ಇವತ್ತು ಬೇರೆಯವರ ಬೀರು ಹೊರುತ್ತಾ ಇರುತ್ತಿರಲಿಲ್ಲವೇನೋ.

ಭಾನುವಾರ ನೀನು ಫೋನಿನಲ್ಲಿ ಕೇಳಿದ್ದು ಎರಡೇ ಮಾತು. ದನಿ ತಗ್ಗಿಸಿ ಮೊದಲು ಕೇಳಿದ್ದು, "ಆ ಊರಲ್ಲಿ ಯಾರೂ ಏನೂ ಕೇಳಲ್ಲವಂತೆ, ಹೌದೇನೋ?" ಆಮೇಲೆ, "ಹಾಗಾದ್ರೆ ನಾನೂ ಗುಬ್ಬೀನೂ ಬಂದುಬಿಡ್ಲಾ?" ಅಷ್ಟರಲ್ಲಿ ನಿಮ್ಮತ್ತೆ ಒಳಗೆ ಬಂದಿರಬೇಕು, ನೀನು ತಟ್ಟನೆ ನೀಲಿ ನೂಲಿನ ವಿಷಯ ಎತ್ತಿದೆ. ನಾನೂ ಪೆದ್ದನ ಹಾಗೆ ನೀಲಿ ನೂಲಿನ ಬಗ್ಗೆ ನಾಲ್ಕು ಮಾತಾಡಿ ಫೋನ್ ಇಟ್ಟೆ. ಅವತ್ತಿನಿಂದ ಆ ಎರಡು ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿವೆ.

ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ನನ್ನ ನಾಲಿಗೆ ತಾನಾಗಿಯೇ "ಇಲ್ಲಿ ಎಲ್ಲಾ ಚೆನ್ನಾಗಿದೆ" ಅನ್ನುತ್ತದೆ. ಹಾಗಂದರೆ ನೀನು ಅದನ್ನೇ ನಂಬಿ ಹೊರಟುಬಿಡುತ್ತೀಯ. ಅಂಚೆಗೂ ಹಾಕುವುದಿಲ್ಲ, ಹಾಕಿದರೆ ನಿನಗಿಂತ ಮೊದಲು ನಿನ್ನ ಓರಗಿತ್ತಿ ಓದುತ್ತಾಳೆ. ನಂಬಿಕೆಯವರ ಕೈಯಲ್ಲೇ ಕಳಿಸುತ್ತೇನೆ. ನೀನು ಒಬ್ಬಳೇ ಕೂತು ಓದು.

ಭಾವ ಮನೆ ಬಿಟ್ಟು ಎದ್ದುಹೋದ ಮೇಲೆ ಆ ಊರಲ್ಲಿ ನಿನ್ನ ಪಾಡು ಏನು ಅಂತ ನನಗೆ ಗೊತ್ತಿಲ್ಲವೇ. ಅಂಗಡಿಗೆ ಸೂಜಿ ತರಲು ಹೋದರೂ "ಏನಮ್ಮಾ, ಯಜಮಾನರ ಸುದ್ದಿ ಏನಾದ್ರೂ ಬಂತಾ?" ಹೊಲಿಯಲು ಬಟ್ಟೆ ತಂದವರು ಅಳತೆ ಕೊಡುವುದಕ್ಕಿಂತ ಮೊದಲು ಅದನ್ನೇ ಕೇಳುತ್ತಾರೆ. ಈಗ ಗುಬ್ಬಿಯನ್ನೂ ಹಿಡಿದಿದ್ದಾರೆ. ನಿಮ್ಮಪ್ಪ ಎಲ್ಲಿ ಅಂತ ಶಾಲೆಯಲ್ಲಿ ಯಾರೋ ಕೇಳಿದಾಗ ಅವಳು ಹಡಗಿನಲ್ಲಿ ಕೆಲಸ ಮಾಡುತ್ತಾರೆ ಅಂದಳಂತೆ. ಹಡಗನ್ನು ಅವಳಾಗಲಿ ಅವಳಪ್ಪನಾಗಲಿ ನೋಡಿದ್ದಾರಾ ಅಂತ ನೀನು ನಗುತ್ತಾ ಹೇಳಿದೆ. ನೀನು ನಕ್ಕ ರೀತಿಯಲ್ಲೇ ನನಗೆ ಎಲ್ಲ ಗೊತ್ತಾಯಿತು. ನಿಮ್ಮತ್ತೆ ಬೇರೆ, ಮಗ ಬಂದಾಗ ಬಾಗಿಲು ತೆಗೆಯಲು ಹೆಂಡತಿ ಇರಬೇಕು ಅನ್ನುತ್ತಾರೆ. ಅವರ ಇನ್ನೊಬ್ಬ ಮಗ, ಸೊಸೆ, ಮೊಮ್ಮಕ್ಕಳು ಅದೇ ಮನೆಯಲ್ಲಿದ್ದಾರೆ. ಬಾಗಿಲು ತೆಗೆಯುವುದಕ್ಕೆ ನೀನೇ ಯಾಕೆ ಬೇಕೋ ನನಗೆ ತಿಳಿಯದು. ಗುಬ್ಬಿಯ ಏಳನೇ ಕ್ಲಾಸು ಮುಗಿಯಿತು, ಮುಂದಕ್ಕೆ ಹೇಗೂ ಶಾಲೆ ಬದಲಾಗಬೇಕು, ಈಗಿಲ್ಲದಿದ್ದರೆ ಇನ್ಯಾವಾಗ ಅಂತ ನಿನ್ನ ಲೆಕ್ಕ. ಸರಿಯಾಗಿಯೇ ಇದೆ.

ಅದಕ್ಕೇ ಹೇಳುತ್ತೇನೆ ಕೇಳು. ಹೌದಕ್ಕಾ, ಇಲ್ಲಿ ಯಾರೂ ಏನೂ ಕೇಳುವುದಿಲ್ಲ.

ನಾನು ಇಲ್ಲಿಗೆ ಬಂದಾಗ ನಮ್ಮ ಮೇಸ್ತ್ರಿ ನನ್ನ ಊರು ಕೇಳಲಿಲ್ಲ, ಅಪ್ಪನ ಹೆಸರು ಕೇಳಲಿಲ್ಲ, ಎಲ್ಲಿಯವರೆಗೆ ಓದಿದ್ದೀಯ ಅಂತಲೂ ಕೇಳಲಿಲ್ಲ. ಫ್ರಿಜ್ಜಿನ ಒಂದು ಬದಿ ತೋರಿಸಿ "ಎತ್ತು" ಅಂದರು. ಎತ್ತಿದೆ. ಕೆಲಸ ಸಿಕ್ಕಿತು. ಬೇಕರಿ, ಗ್ಯಾರೇಜು, ಪ್ರೆಸ್ಸು ಅಂತ ನೆಲ ಕಚ್ಚಿ ನಿಲ್ಲದೆ ಅಲೆದವನು ಇಲ್ಲಿ ನಿಂತಿದ್ದೇನೆ ಅಂದರೆ ಕಾರಣ ಇಷ್ಟೇ, ಈ ಕೆಲಸದಲ್ಲಿ ನಿಲ್ಲುವುದೇ ಇಲ್ಲ. ದಿನಾ ಒಬ್ಬರ ಮನೆ ಬಿಚ್ಚುತ್ತೇವೆ, ಲಾರಿಗೆ ತುಂಬುತ್ತೇವೆ, ಇನ್ನೊಂದು ಕಡೆ ಕೊಂಡೊಯ್ದು ಮತ್ತೆ ಕಟ್ಟುತ್ತೇವೆ. ಲಾರಿ ಓಡಿಸುವವನಿಗೆ ರೇಡಿಯೋ ಅಂತ ಹೆಸರು. ಬಾಯಿ ಮುಚ್ಚುವ ಗುಂಡಿ ಎಲ್ಲಿದೆ ಅಂತ ಇನ್ನೂ ಯಾರಿಗೂ ಸಿಕ್ಕಿಲ್ಲ.

ಮೇಸ್ತ್ರಿಯದ್ದು ಒಂದು ಪದ್ಧತಿ ಇದೆ. ಹೊಸ ಮನೆಗೆ ಹೋದಾಗ ಲಾರಿಯಿಂದ ಮೊದಲು ಇಳಿಸುವುದು ಒಂದು ಕುರ್ಚಿ. ಅದನ್ನು ಖಾಲಿ ಹಾಲಿನ ನಡುವೆ ಹಾಕಿ ಮನೆಯವರನ್ನು ಕೂರಿಸುತ್ತಾರೆ. ಕೂರಿಸದಿದ್ದರೆ ಅವರು ನಮ್ಮ ಕಾಲಿಗೆ ಸಿಗುತ್ತಾರೆ, ಅದನ್ನು ಹಾಗೆ ಹಿಡಿ, ಇದನ್ನು ಹೀಗೆ ಇಡು ಅನ್ನುತ್ತಾರೆ, ಅದಕ್ಕೆ. ಆದರೆ ಬೋಳು ಗೋಡೆಗಳ ಮಧ್ಯೆ ಒಬ್ಬರು ಕುರ್ಚಿಯಲ್ಲಿ ಕೈ ಕಟ್ಟಿ ಕೂತಿರುವುದು, ಅವರ ಸುತ್ತ ನಿಧಾನಕ್ಕೆ ಒಂದು ಮನೆ ಎದ್ದು ನಿಲ್ಲುವುದು ನೋಡಲು ಒಂಥರಾ ಚೆಂದ. ಎಷ್ಟು ದೊಡ್ಡ ಮನುಷ್ಯರಾದರೂ ಆ ಹೊತ್ತಿಗೆ ಹೊಸದಾಗಿ ಶಾಲೆಗೆ ಬಂದ ಮಗುವಿನ ಹಾಗೆ ಕಾಣುತ್ತಾರೆ.

ಹೋದ ತಿಂಗಳು ನಿನ್ನ ವಯಸ್ಸಿನ ಒಬ್ಬಾಕೆ ಕರೆದಿದ್ದಳು. ಗಂಡನ ಮನೆ ಬಿಟ್ಟು ಹೊರಟವಳು. ಗಂಡ ಆಫೀಸಿಗೆ ಹೋಗಿದ್ದ. ಹಾಡುಹಗಲು, ಹನ್ನೊಂದು ಗಂಟೆ. ಅವಳು ಬಾಗಿಲಲ್ಲಿ ನಿಂತು "ಅದು ನನ್ನದು, ಅದು ಅವರದು, ಬಿಡಿ" ಅಂತ ಒಂದೊಂದಾಗಿ ತೋರಿಸಿದಳು. ಚಿಕ್ಕ ಮಗನೊಬ್ಬ ತನ್ನ ಮೀನಿನ ಗಾಜಿನ ಜಾಡಿಯನ್ನು ತಾನೇ ಎತ್ತಿಕೊಂಡ. ನಾವು ಆರು ಮಹಡಿ ಮೇಲೆ ಕೆಳಗೆ ಓಡಾಡಿದೆವು. ಒಂದು ಬಾಗಿಲು ತೆರೆಯಲಿಲ್ಲ, ಒಂದು ಕಿಟಕಿಯ ಪರದೆ ಸರಿಯಲಿಲ್ಲ. ಅದೇ ನಮ್ಮೂರಾಗಿದ್ದರೆ? ಒಲೆಯ ಮೇಲಿನ ಹಾಲು ಉಕ್ಕಿಹೋದರೂ ಸರಿ, ಇಡೀ ಬೀದಿ ಬಂದು ನಿಲ್ಲುತ್ತಿತ್ತು. ನಿನ್ನ ಮಂಚದ ಕಾಲು ಎಷ್ಟು ಅಂತ ಎಣಿಸಿ ಸಂಜೆಯೊಳಗೆ ಪಕ್ಕದ ಊರಿಗೆ ಮುಟ್ಟಿಸುತ್ತಿದ್ದರು. ಆಗ ನನಗೆ ನೀನೇ ಕಣ್ಣ ಮುಂದೆ ಬಂದೆ. ನನ್ನಕ್ಕನೂ ಹೀಗೆ ತಲೆಯೆತ್ತಿ ಹೊರಡಬಹುದಲ್ಲ ಅನ್ನಿಸಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಉಳಿದದ್ದನ್ನೂ ಹೇಳದಿದ್ದರೆ ಮೋಸ ಆಗುತ್ತದೆ. ಎಲ್ಲ ತುಂಬಿ ಆದ ಮೇಲೆ ಅವಳು ಬಾಗಿಲಿಗೆ ಬೀಗ ಹಾಕಿದಳು. ಕೀಲಿಯನ್ನು ಪಕ್ಕದ ಮನೆಗೆ ಕೊಟ್ಟು ಹೋಗೋಣ ಅಂತ ಬೆಲ್ ಒತ್ತಿದಳು. ಒಳಗೆ ಟೀವಿ ಓಡುತ್ತಾ ಇತ್ತು, ಯಾರೂ ಬರಲಿಲ್ಲ. ಎದುರು ಮನೆಯದ್ದು ಒತ್ತಿದಳು, ಅಲ್ಲೂ ಇಲ್ಲ. ಆರು ವರ್ಷ ಇದ್ದಳಂತೆ ಆ ಮನೆಯಲ್ಲಿ. ಕೀಲಿಯನ್ನು ಬಾಗಿಲ ಕೆಳಗಿನ ಸಂದಿಯಲ್ಲಿ ಒಳಗೆ ತಳ್ಳಿದಳು. ಲಿಫ್ಟಿನೊಳಗೆ ಬಂದು, ಬಾಗಿಲು ಮುಚ್ಚುವ ಮೊದಲು, ಯಾರೂ ಇಲ್ಲದ ಆ ಉದ್ದನೆಯ ಕಾರಿಡಾರಿಗೆ "ಬರ್ತೀನಿ" ಅಂದಳು. ನಾನೂ ಲಿಫ್ಟಿನಲ್ಲೇ ಇದ್ದೆ, ಕೈಯಲ್ಲಿ ಅವಳ ಇಸ್ತ್ರಿ ಪೆಟ್ಟಿಗೆ. ಏನಾದರೂ ಹೇಳಬೇಕಿತ್ತು. ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ.

ಕೇಳುವವರಿಲ್ಲ ಅನ್ನುವುದಕ್ಕೆ ಆ ಎರಡೂ ಮುಖ ಇದೆ, ಅಕ್ಕಾ.

ನನ್ನ ಕೋಣೆಯ ವಿಷಯ ನಿನಗೆ ಅರ್ಧ ಹೇಳಿದ್ದೇನೆ. ಗೆಳೆಯನ ಜೊತೆ ಹಂಚಿಕೊಂಡಿದ್ದೇನೆ ಅಂದಿದ್ದೆ. ಹಂಚಿಕೊಂಡಿರುವುದು ನಿಜ, ಆದರೆ ಹಂಚಿಕೊಂಡಿರುವುದು ಮಂಚವನ್ನು. ರಾತ್ರಿ ನಾನು ಮಲಗುತ್ತೇನೆ, ಹಗಲು ಅವನು. ಅವನದ್ದು ಎಲ್ಲೋ ರಾತ್ರಿ ಪಾಳಿಯ ಕಾವಲು ಕೆಲಸ. ನಾನು ಹೊರಡುವ ಹೊತ್ತಿಗೆ ಅವನು ಮೆಟ್ಟಿಲು ಹತ್ತಿ ಬರುತ್ತಾನೆ, ಒಬ್ಬರಿಗೊಬ್ಬರು ತಲೆ ಆಡಿಸುತ್ತೇವೆ, ಅಷ್ಟೇ. ಅವನು ಯಾವ ಸೋಪು ಹಚ್ಚುತ್ತಾನೆ, ಎಡಗಡೆ ಮಗ್ಗುಲಿಗೆ ಮಲಗುತ್ತಾನೆ, ಚಪ್ಪಲಿಯ ಉಂಗುಟ ಕಿತ್ತುಹೋಗಿದೆ, ಇವೆಲ್ಲ ನನಗೆ ಗೊತ್ತು. ಹೆಸರು ಗೊತ್ತಿಲ್ಲ. ಈಗ ಕೇಳಲೂ ನಾಚಿಕೆ, ಇಷ್ಟು ದಿನ ಆದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳುವುದು.

ಚಳಿಗಾಲದಲ್ಲಿ ನನಗೆ ಜ್ವರ ಬಂದಾಗ ಗೆಳೆಯ ನೋಡಿಕೊಂಡ ಅಂದೆನಲ್ಲ, ಅದು ಇವನೇ. ಬೆಳಿಗ್ಗೆ ನನಗೆ ಏಳಲಾಗಲಿಲ್ಲ. ಅವನು ಕೆಲಸ ಮುಗಿಸಿ ಬಂದು ಮಂಚದ ಪಕ್ಕ ನಿಂತ. ಮಂಚ ಈಗ ಅವನದ್ದು, ಅದು ನಮ್ಮ ಒಪ್ಪಂದ. ನಾನು ಏಳಲು ಹೋದೆ. ಅವನು ನನ್ನ ಹೆಗಲು ಒತ್ತಿ ಮಲಗಿಸಿದ, ಗೋಡೆಗೆ ಒರಗಿ ನೆಲದ ಮೇಲೆ ಕೂತು ಹಾಗೇ ನಿದ್ದೆ ಮಾಡಿದ. ನಾನು ಎಚ್ಚರವಾದಾಗಲೆಲ್ಲ ಅವನ ಗೊರಕೆ ಕೇಳುತ್ತಿತ್ತು. ಸಂಜೆ ಎದ್ದಾಗ ಅವನಿರಲಿಲ್ಲ, ಲೋಟದ ಮೇಲೆ ಎರಡು ಮಾತ್ರೆ ಇದ್ದವು. ಒಳ್ಳೆಯ ಊರೋ ಕೆಟ್ಟ ಊರೋ ನೀನೇ ಹೇಳು. ನನಗಂತೂ ಇವತ್ತಿಗೂ ಬಗೆಹರಿದಿಲ್ಲ.

ಇನ್ನು ಆಪರೇಟರಮ್ಮನ ವಿಷಯ. ಇದನ್ನು ಓದುವಾಗ ನಗು, ನಗಬೇಕಾದ್ದೇ.

ಆಪರೇಟರಮ್ಮ ಅಂದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಆಯಸ್ಸು ಬೇರೆಯವರ ಮಾತಿಗೆ ತಂತಿ ಜೋಡಿಸಿ ನಿವೃತ್ತಿಯಾದವರು. ಮದುವೆ ಮಕ್ಕಳು ಇಲ್ಲ, ಒಬ್ಬರೇ. ಹಳೆಯ ಬಾಡಿಗೆ ಮನೆ ಕೆಡವುತ್ತಾರೆ ಅಂತ ಊರಾಚೆಯ ಹೊಸ ಕಟ್ಟಡಗಳಲ್ಲಿ ಒಂದು ಮನೆ ಹಿಡಿದರು. ಅಲ್ಲಿ ಆರು ಕಟ್ಟಡ, ಆರೂ ಒಂದೇ ಅಚ್ಚಿನ ಇಟ್ಟಿಗೆಯ ಹಾಗೆ. ಮನೆಯನ್ನು ಅವರು ನೋಡಿದ್ದೂ ಒಂದೇ ಸಲ. ಬ್ರೋಕರ್ "ಗೇಟಿನಿಂದ ಎಡಕ್ಕೆ ಎರಡನೇ ಕಟ್ಟಡ, ನಾಲ್ಕನೇ ಮಹಡಿ, ಲಿಫ್ಟಿನ ಪಕ್ಕದ್ದೇ, ಬಾಗಿಲು ತೆಗೆದಿಟ್ಟಿರ್ತೀನಿ" ಅಂದಿದ್ದ. ನನ್ನ ಸಾಮಾನಿನ ಜೊತೆ ನಾನೂ ಬರ್ತೀನಿ ಅಂತ ಆಪರೇಟರಮ್ಮ ಲಾರಿಯ ಮುಂದಿನ ಸೀಟಿಗೇ ಹತ್ತಿ ಕೂತರು. ಅವತ್ತು ಮೊದಲ ಬಾರಿಗೆ ರೇಡಿಯೋಗೆ ಬಾಯಿ ತೆರೆಯಲು ಅವಕಾಶ ಸಿಗಲಿಲ್ಲ.

ಲಾರಿಗಳನ್ನು ಅಲ್ಲಿ ಮುಂದಿನ ಗೇಟಿನಿಂದ ಬಿಡುವುದಿಲ್ಲ. ಹಿಂದಿನ ಗೇಟಿನಿಂದ ಹೋದೆವು. ಎಡಕ್ಕೆ ಎರಡನೇ ಕಟ್ಟಡ ಅಂತ ಮೇಸ್ತ್ರಿ ಬೆರಳು ಮಡಚಿ ಎಣಿಸಿದರು. ಹಿಂದಿನಿಂದ ಬಂದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ ಅಂತ ಯಾರ ತಲೆಗೂ ಹೊಳೆಯಲಿಲ್ಲ. ಯಾರನ್ನಾದರೂ ಕೇಳೋಣ ಅಂದೆ. ಮೇಸ್ತ್ರಿ ಕಣ್ಣು ಬಿಟ್ಟರು. ಇಪ್ಪತ್ತು ವರ್ಷದಿಂದ ಮನೆ ಸಾಗಿಸುತ್ತಿರುವವರು ದಾರಿ ಕೇಳುವುದು ಅಂದರೆ ಅಡುಗೆಯವನು ಉಪ್ಪು ಎಲ್ಲಿದೆ ಅಂತ ಕೇಳಿದ ಹಾಗೆ.

ನಾಲ್ಕನೇ ಮಹಡಿ, ಲಿಫ್ಟಿನ ಪಕ್ಕದ ಮನೆ, ಬಾಗಿಲು ತೆರೆದೇ ಇತ್ತು. ಹೊಸದಾಗಿ ಬಣ್ಣ ಹೊಡೆದಿದ್ದರು, ನಂಬರಿನ ಫಲಕ ಬಿಚ್ಚಿಟ್ಟಿದ್ದರು, ಕೀಲಿ ಬಾಗಿಲಿನಲ್ಲೇ ಇತ್ತು. ಬಣ್ಣ ಕುಡಿದು ಬಾಗಿಲು ಉಬ್ಬಿ ಮುಚ್ಚುತ್ತಿರಲಿಲ್ಲ. ಕುರ್ಚಿ ಹಾಕಿ ಆಪರೇಟರಮ್ಮನನ್ನು ಕೂರಿಸಿ, ಸಂಜೆಯೊಳಗೆ ಪರದೆ ಸಹಿತ ಕಟ್ಟಿಕೊಟ್ಟು ಬಂದೆವು. ಮನೆ ನೋಡಿ ಅವರು ಖುಷಿಪಟ್ಟರು, ಅವತ್ತು ನೋಡಿದ್ದಕ್ಕಿಂತ ಬೆಳಕು ಜಾಸ್ತಿ ಇದೆ ಅಂದರು.

ಬಾಗಿಲು ಮುಚ್ಚಲಿಲ್ಲವಲ್ಲ, ಆಮೇಲೆ ನಡೆದದ್ದೆಲ್ಲ ಅದರಿಂದಲೇ. ಎದುರು ಮನೆಯ ಹುಡುಗಿ ಶಾಲೆಯಿಂದ ಬಂದವಳು ತೆರೆದ ಬಾಗಿಲಲ್ಲಿ ಇಣುಕಿದಳಂತೆ. ಇವರು ಒಳಗೆ ಕರೆದರು. ಮಗಳನ್ನು ಹುಡುಕಿಕೊಂಡು ತಾಯಿ ಬಂದಳು. ತಾಯಿಯನ್ನು ಹುಡುಕಿಕೊಂಡು ಅಜ್ಜ ಬಂದರು, ಸದ್ದು ಕೇಳಿ ಉಳಿದ ಮನೆಯವರೂ ಬಂದರು. ಮೂರು ವರ್ಷದಿಂದ ಆ ಮಹಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಇವರ ಹಾಲಿನಲ್ಲಿ ಕೂತು ಚಹಾ ಕುಡಿದರು. ವಾರದೊಳಗೆ ಆಪರೇಟರಮ್ಮನಿಗೆ ಆ ಮಹಡಿಯ ಎಲ್ಲ ಮನೆಯ ಜಗಳವೂ ಬಾಯಿಪಾಠ. ಆ ಹುಡುಗಿಗೆ ಮಗ್ಗಿ ಕಲಿಸಿದರು, ಅಜ್ಜನಿಗೆ ಮಗನ ಫೋನು ನಂಬರು ಕಂಠಪಾಠ ಮಾಡಿಸಿದರು. ಅಜ್ಜ ಆಯಸ್ಸಿನಲ್ಲಿ ಅಷ್ಟು ಬೈಸಿಕೊಂಡಿರಲಿಲ್ಲವಂತೆ, ಆದರೂ ದಿನಾ ಬರುತ್ತಿದ್ದರಂತೆ.

ಎಂಟನೇ ದಿನವೋ ಒಂಬತ್ತನೇ ದಿನವೋ, ಇನ್ನೊಂದು ಲಾರಿ ಬಂತು. ಆ ಮನೆಯ ನಿಜವಾದ ಬಾಡಿಗೆದಾರರು, ಗಂಡ ಹೆಂಡತಿ, ಹಿಂದೆ ಸೋಫಾ ಹೊತ್ತ ನಾಲ್ಕು ಜನ. ಬಾಗಿಲಲ್ಲಿ ನಿಂತು ನೋಡಿದರೆ ಒಳಗೆ ಮಗ್ಗಿ ನಡೆಯುತ್ತಿದೆ.

"ಯಾರಮ್ಮಾ ನೀವು?" ಅಂದನಂತೆ ಆತ.

"ಮನೆಯವರನ್ನೇ ಯಾರು ಅಂತೀಯಲ್ಲಪ್ಪ, ನೀನ್ಯಾರು?" ಅಂದರಂತೆ ಇವರು. "ಸೋಫಾ ತರೋಕೆ ನಾನು ಹೇಳಿಲ್ಲ, ವಾಪಸ್ ತಗೊಂಡು ಹೋಗು."

ನಮಗೆ ಫೋನ್ ಬಂತು. ಮೇಸ್ತ್ರಿಯ ಮುಖ ಸುಟ್ಟ ಬದನೆಕಾಯಿ ಆಯಿತು. ಓಡಿದೆವು. ಕಟ್ಟಿದ್ದನ್ನೆಲ್ಲ ಬಿಚ್ಚಿ ಎದುರಿನ ಕಟ್ಟಡಕ್ಕೆ ಹೊರಬೇಕು. ಆಗ ಒಂದು ಆಶ್ಚರ್ಯ ನೋಡಿದೆ ಅಕ್ಕಾ. ಆ ಮಹಡಿಯವರು ಬಂದು ಕೈ ಹಾಕಿದರು. ಅಜ್ಜ ದಿಂಬು ಹೊತ್ತರು, ತಾಯಿ ಪಾತ್ರೆಯ ಬುಟ್ಟಿ ಹಿಡಿದಳು, ಹುಡುಗಿ ಎರಡು ಸೌಟು ಹಿಡಿದು ಮೆರವಣಿಗೆಯ ಮುಂದೆ ನಡೆದಳು. ಸೋಫಾದವರ ಕೂಲಿಗಳೂ ಒಂದು ಬೀರು ಎತ್ತಿಕೊಟ್ಟರು. ಈ ಊರಲ್ಲಿ ನಾನು ಸಾಗಿಸಿದ ಮನೆಗಳಲ್ಲಿ ನೆರೆಯವರು ಹೆಗಲು ಕೊಟ್ಟದ್ದು ಅದೊಂದಕ್ಕೇ.

ಸರಿಯಾದ ಮನೆಯ ಬಾಗಿಲಿಗೆ ಸ್ಪ್ರಿಂಗು ಇದೆ. ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಆಪರೇಟರಮ್ಮ ಒಂದು ಸ್ಟೂಲು ಅಡ್ಡ ಇಟ್ಟು ತೆರೆದಿಟ್ಟರು. ಕಾವಲಿನವನು ಬಂದು ಕಳ್ಳರ ಭಯ, ಬಾಗಿಲು ತೆರೆದಿಡಲು ನಿಯಮ ಒಪ್ಪಲ್ಲ ಅಂತ ಸ್ಟೂಲು ಒಳಗಿಡಿಸಿದ. ಆಚೆ ಕಟ್ಟಡದವರು ಮೊದಲ ವಾರ ಬಂದರು. ಬರಬೇಕಾದರೆ ಎರಡು ಲಿಫ್ಟು ಹತ್ತಿಳಿಯಬೇಕು, ಕೆಳಗೆ ಕಾವಲಿನವನಿಗೆ ಯಾರ ಮನೆ, ಏನು ಕೆಲಸ ಅಂತ ಹೇಳಬೇಕು. ಏನು ಕೆಲಸ ಅಂತ ಹೇಳುವುದು? ಕೆಲಸ ಏನೂ ಇಲ್ಲವಲ್ಲ. ನಿಧಾನಕ್ಕೆ ನಿಂತುಹೋಯಿತು. ಈಗ ಹುಡುಗಿ ಆಚೆ ಬಾಲ್ಕನಿಯಿಂದ ಕೈ ಬೀಸುತ್ತಾಳೆ, ಇವರು ಈಚೆಯಿಂದ ಬೀಸುತ್ತಾರೆ. ಮೊನ್ನೆ ಅಂದರು, "ತಪ್ಪು ಮನೇಲಿ ಇದ್ದಾಗಲೇ ಮನೇಲಿದ್ದ ಹಾಗಿತ್ತು ಕಣಪ್ಪ."

ನನಗೆ ಇದೆಲ್ಲ ಹೇಗೆ ಗೊತ್ತು ಅಂದರೆ, ಅವರು ನನ್ನನ್ನು ಕರೆಸುತ್ತಾರೆ. ಬೀರು ಕಿಟಕಿಯ ಪಕ್ಕ ಇದ್ದರೆ ಬಿಸಿಲು ಬೀಳುತ್ತದೆ, ಈಚೆ ಗೋಡೆಗೆ ಸರಿಸಿಕೊಡು ಅಂದರು ಒಂದು ಭಾನುವಾರ. ಸರಿಸಿದೆ. ಮುಂದಿನ ಭಾನುವಾರ, ಈಚೆ ಗೋಡೆಗೆ ತೇವ ಬರುವ ಹಾಗಿದೆ, ಆಚೆಗೇ ಇಡು ಅಂದರು. ಇಟ್ಟೆ. ಹೀಗೆ ಆ ಬೀರು ಕೋಣೆ ಸುತ್ತಿ ಸುತ್ತಿ ನನಗಿಂತ ಹೆಚ್ಚು ಊರು ತಿರುಗಿದೆ. ತೇವವೂ ಇಲ್ಲ, ಬಿಸಿಲೂ ಇಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ನಾನೂ ಅದನ್ನು ಬಹಳ ಕಷ್ಟದ ಕೆಲಸದ ಹಾಗೆ ತಿಣುಕುತ್ತಾ ಸರಿಸುತ್ತೇನೆ. ಆಮೇಲೆ ಕೈ ತೊಳೆದು ಊಟಕ್ಕೆ ಕೂರುತ್ತೇವೆ.

ನಿನ್ನ ಬಗ್ಗೆ ಅವರಿಗೆ ಹೇಳಿದೆ. ಬೈಯಬೇಡ. ಬೇರೆ ಯಾರಿಗೂ ಹೇಳಿಲ್ಲ. ಅವರು ಎಲ್ಲ ಕೇಳಿಸಿಕೊಂಡರು, ಯಾಕೆ ಬಿಟ್ಟ, ಏನಾಗಿತ್ತು, ತಪ್ಪು ಯಾರದು ಅಂತ ಒಂದು ಮಾತೂ ತಿರುಗಿ ಕೇಳಲಿಲ್ಲ. ಎರಡನೇ ಕೋಣೆಯ ಬಾಗಿಲು ತೆರೆದು ತೋರಿಸಿ, "ನಿಮ್ಮಕ್ಕನ ಮೆಷೀನಿಗೆ ಬೆಳಕು ಯಾವ ಕಡೆಯಿಂದ ಬೀಳಬೇಕು?" ಅಂದರು. ಎಡಗಡೆಯಿಂದ ಅಂದೆ. ಕಿಟಕಿ ನೋಡಿ, "ಬೀಳುತ್ತೆ" ಅಂದರು. ಬಾಡಿಗೆ ಎಷ್ಟು ಅಂತ ಕೇಳಿದ್ದಕ್ಕೆ, ಮನೆಯಲ್ಲಿ ಇನ್ನೊಬ್ಬರು ಕೀಲಿ ತಿರುಗಿಸುವ ಸದ್ದು ಬೇಕು, ಮಿಕ್ಕದ್ದು ಆಮೇಲೆ ಮಾತಾಡೋಣ ಅಂದರು.

ದೇವತೆ ಅಂದುಕೊಳ್ಳಬೇಡ ಮತ್ತೆ. ಬಾಯಿ ಜೋರು. ದೀಪ ಆರಿಸದೆ ಹೋದರೆ ಮೆಟ್ಟಿಲವರೆಗೆ ಬಂದು ಬೈಯುತ್ತಾರೆ. ಗುಬ್ಬಿಗೆ ಮಗ್ಗಿ ತಪ್ಪಿದ್ದಲ್ಲ. ನಾಳೆ ನಿಮ್ಮಿಬ್ಬರಿಗೆ ಹೊಂದದೇ ಹೋದರೆ ಬೇರೆ ಕೋಣೆ ಹುಡುಕಬೇಕು, ಈ ಊರಲ್ಲಿ ಅದು ಸುಲಭ ಅಲ್ಲ. ಹೊಲಿಗೆ ಕೆಲಸ ಸಿಗುತ್ತದೆ, ಆದರೆ ಇಲ್ಲಿ ಯಾರೂ ನಿನ್ನ ಬಾಗಿಲಿಗೆ ಬಟ್ಟೆ ತರುವುದಿಲ್ಲ, ಅಂಗಡಿಗಳಿಗೆ ನೀನೇ ಹೋಗಿ ಕೇಳಬೇಕು. ಗುಬ್ಬಿಗೆ ಶಾಲೆ ಇದೆ, ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಅವಳಪ್ಪ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಅವಳು ಮಂಕಾಗಿ ಮೂಲೆಯಲ್ಲಿ ಕೂತರೂ ಯಾಕೆ ಅಂತ ಕೇಳುವವರು ಇರುತ್ತಾರೋ ಇಲ್ಲವೋ, ಅದಕ್ಕೆ ನಾನು ಮಾತು ಕೊಡಲಾರೆ. ನಿನಗೆ ಸಂಜೆ ಹೊತ್ತು ಬಾಗಿಲಲ್ಲಿ ಕೂತು ಹೋಗುವವರನ್ನು ಬರುವವರನ್ನು ಮಾತಾಡಿಸಿ ಅಭ್ಯಾಸ. ಬೈದುಕೊಂಡೇ ಮಾತಾಡಿಸುತ್ತೀಯ, ಆದರೂ ಮಾತಾಡಿಸುತ್ತೀಯ. ಇಲ್ಲಿ ಬೈಯಲೂ ಜನ ಸಿಗುವುದಿಲ್ಲ. ಮೊದಲ ತಿಂಗಳು ಹಗುರ ಅನ್ನಿಸುತ್ತದೆ, ಹೆಗಲಿನಿಂದ ಮೂಟೆ ಇಳಿಸಿದ ಹಾಗೆ. ಎರಡನೇ ತಿಂಗಳು ಆ ಮೂಟೆಯಲ್ಲಿ ನಾನೂ ಇದ್ದೆನೋ ಏನೋ ಅನ್ನಿಸಲು ಶುರುವಾಗುತ್ತದೆ.

ಏನೋ ಇವನು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದಾನೆ ಅಂತ ನಿನಗೆ ಸಿಟ್ಟು ಬರಬಹುದು. ಬಾ ಅನ್ನು, ಇಲ್ಲ ಬೇಡ ಅನ್ನು, ಎರಡರಲ್ಲಿ ಒಂದು ಹೇಳು ಅನ್ನುತ್ತೀಯ. ಹೇಳುವುದಿಲ್ಲ. ಚಿಕ್ಕಂದಿನಿಂದ ನನ್ನ ಪರವಾಗಿ ಎಲ್ಲ ನೀನೇ ನಿರ್ಧಾರ ಮಾಡಿದೆ, ಮದುವೆಯ ಹೊತ್ತಿಗೆ ನಿನ್ನ ಪರವಾಗಿ ಊರವರೆಲ್ಲ ನಿರ್ಧಾರ ಮಾಡಿದರು. ಇದೊಂದನ್ನು ನೀನೇ ಮಾಡು. ಬಂದರೂ ನೀನು ಸೋತು ಬಂದದ್ದಲ್ಲ. ಅಲ್ಲೇ ಇದ್ದರೂ ಸೋತು ಇದ್ದದ್ದಲ್ಲ.

ಒಂದು ಮಾತು ಮಾತ್ರ. ತಮ್ಮ ಒಬ್ಬನೇ ಇದ್ದಾನೆ, ಪಾಪ, ಅಂತ ನನಗೋಸ್ಕರ ಹೊರಡಬೇಡ. ನನಗೇನೂ ಇಲ್ಲಿ ಕೊರತೆ ಇಲ್ಲ. ಮೇಸ್ತ್ರಿ ಇದ್ದಾರೆ, ರೇಡಿಯೋ ಇದ್ದಾನೆ, ಸರಿಸಲು ಒಂದು ಬೀರು ಇದೆ. ಗಾಳಿಗೆ ಒಂಟಿತನ ಎಲ್ಲಿಯದು.

ಗುಬ್ಬಿಗೆ ನನ್ನ ಮುದ್ದು. ನಿಮ್ಮತ್ತೆಗೆ ನೀಲಿ ನೂಲು ಸಿಗಲಿಲ್ಲ ಅಂತ ಹೇಳು.

ನೀನು ಸಾಕಿದವನು,
ಗಾಳಿ

ಮರೆತ ಮಾತು (ಶನಿವಾರ, ಬೆಳಿಗ್ಗೆ): ಅಕ್ಕಾ, ಈ ಕಾಗದ ತಂದುಕೊಟ್ಟವನೇ ರೇಡಿಯೋ. ಬಾಯಿ ಬಿಟ್ಟರೆ ಹಲ್ಲು ಉದುರಿಸುತ್ತೇನೆ ಅಂತ ಹೇಳಿ ಕಳಿಸಿದ್ದೇನೆ, ಆದ್ದರಿಂದ ಅವನು ಮೂಕನ ಹಾಗೆ ನಿಂತಿದ್ದರೆ ಹೆದರಬೇಡ. ನಿಮ್ಮೂರಿನ ಆಚೆಗೆ ಒಬ್ಬರ ಸಾಮಾನು ಇಳಿಸುವುದಿತ್ತು. ಆ ಕೆಲಸ ನನ್ನ ಪಾಲಿಗೆ ಬಂದದ್ದಲ್ಲ, ಮೇಸ್ತ್ರಿಯ ಕಾಲು ಹಿಡಿದು ನಾನೇ ಕೇಳಿ ಪಡೆದದ್ದು. ಲಾರಿ ಖಾಲಿ ಹಿಂದಿರುಗುತ್ತಿದೆ, ನಿನ್ನ ಬೀದಿಯ ತುದಿಯಲ್ಲಿ ಮರದ ಕೆಳಗೆ ನಿಂತಿದೆ. ನಾನು ಅದರೊಳಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಮನೆಗೆ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮುಖ ನೋಡಿದರೆ ಮೇಲೆ ಬರೆದದ್ದೆಲ್ಲ ಹರಿದುಹಾಕಿ, ಬಾ ಅಕ್ಕಾ, ನನಗೆ ಆಗ್ತಾ ಇಲ್ಲ ಅಂದುಬಿಡುತ್ತೇನೆ. ಇಲ್ಲ ಅನ್ನುವುದಾದರೆ ರೇಡಿಯೋ ಹತ್ತಿರ ತಲೆ ಅಲ್ಲಾಡಿಸಿದರೆ ಸಾಕು, ನಾವು ಸದ್ದಿಲ್ಲದೆ ಹೊರಡುತ್ತೇವೆ, ಯಾಕೆ ಅಂತ ನಾನು ಯಾವತ್ತೂ ಕೇಳುವುದಿಲ್ಲ. ಬರುವುದಾದರೆ ಹೊಲಿಗೆ ಮೆಷೀನನ್ನು ನೀನು ಎತ್ತಲು ಹೋಗಬೇಡ, ನಿನಗೆ ಸೊಂಟ ನೋವು. ಬಾಗಿಲಿಗೆ ಬಂದು ನನ್ನನ್ನು ಕೂಗು. ಇಡೀ ಬೀದಿಗೆ ಕೇಳಿಸುವ ಹಾಗೆ ಕೂಗು.